ಸರ್ಫೇಸ್ ಡ್ಯೂಟಿ

ಟೇಪು ಹಿಡಿದು ಕ್ಯಾಬಿನೆಟ್ಟಿನ ಎದೆಯಳತೆ ತೆಗೆದೆ:
ಇಪ್ಪತ್ತೆರಡೂವರೆ ಸೆಂಟಿಮೀಟರು,
ಹಾರ್ಡ್‌ಡಿಸ್ಕಿನ ಗೂಡು ಕಿತ್ತರೆ ಇನ್ನು ಮೂರು ಸಿಕ್ಕೀತು.
ಬ್ಲೌಸಿನ ಅಳತೆ ಬರೆಯುವ ಪುಸ್ತಕದಲ್ಲೇ,
ಪುಷ್ಪಮೇರಿ ಟೀಚರ ತೋಳಿನ ಕೆಳಗೆ,
ಅದನ್ನೂ ಬರೆದುಕೊಂಡೆ.

ಹಳೇ ಐ-ಫೈವ್. ಯಾವುದೋ ಆಫೀಸು ಮುಚ್ಚಿದಾಗ
ತೂಕಕ್ಕೆ ಹಾಕಿದ್ದನ್ನು ಎರಡು ಸಾವಿರಕ್ಕೆ ತಂದದ್ದು.
ಆಟದೊಳಗೆ ಕುದುರೆ ಓಡಿದರೆ
ಕಾಲು ಮೊದಲು ಹೋಗಿ ಮೈ ಆಮೇಲೆ ಬರುತ್ತೆ.
ಹುಲ್ಲಿಲ್ಲ.
ಹುಲ್ಲಿರಬೇಕಾದಲ್ಲಿ ಹಸಿರು ಚಾಪೆ.

ಚೀಟಿ ದುಡ್ಡು ಆರು ಸಾವಿರ,
ಅದರಲ್ಲಿ ಓವರ್‌ಲಾಕ್ ಮಷಿನ್ನಿನ ಮೋಟಾರಿಗೆ ಒಂದೂವರೆ.
ಮಿಕ್ಕಿದ್ದಕ್ಕೆ ಬರುವ ಹೊಸ ಕಾರ್ಡು ಹೆಸರಿಗೆ ಹೊಸತು:
ಮೇಲೆ ಡ್ರ್ಯಾಗನ್ನಿನ ಡಬ್ಬ, ಒಳಗೆ ಅಂಗೈಯಗಲ ಫ್ಯಾನು,
ಈಗಿರುವುದಕ್ಕಿಂತ ಗೇಣು ಮುಂದೆ.

ಕೋಲಾರದಲ್ಲಿ, ಕ್ಲಾಕ್ ಟವರಿನ ಹಿಂದೆಲ್ಲೋ,
ಇಮ್ದಾದ್ ಷಟರು ಅರ್ಧ ಎತ್ತಿದ.
"ಯಾರಿಗೆ, ತಮ್ಮನಿಗಾ?"
"ನನಗೆ."
ಕೊರಳಲ್ಲಿ ಮರೆತು ಬಂದಿದ್ದ ಟೇಪನ್ನು ಒಂದು ಸಲ ನೋಡಿದ,
ಆಮೇಲೆ ಡಾಕ್ಟರ ಹಾಗೆ ಕೇಳಿದ:
"ಪವರ್ ಸಪ್ಲೈ ಎಷ್ಟು ವಾಟು?"
"ನಾನೂರೈವತ್ತು. ಸ್ಟಿಕ್ಕರಿನಲ್ಲಿ ಹಾಗಂತ ಇದೆ."
"ಎಂಟು ಪಿನ್ನಿನ ತಂತಿ?"
"ಆರು ಇದೆ. ಪಕ್ಕದಲ್ಲಿ ಎರಡು ಜೋತಾಡ್ತಿದೆ."
"ಸಾಕು. ಆ ಪ್ರೊಸೆಸರಿಗೆ ಇದಕ್ಕಿಂತ ದೊಡ್ಡದು ಹಾಕಬೇಡಿ ಅಕ್ಕ, ದಂಡ."
ಅದನ್ನು ನನಗೆ ಹೇಳಬೇಕೇ?
ಸವೆದ ಸೀರೆಗೆ ಭಾರದ ಜರಿ ಕೂರಿಸಿದರೆ
ಹರಿಯುವುದು ಸೀರೆಯೇ.

"ನಾಲ್ಕು ಸಾವಿರದ ಇನ್ನೂರು. ಗ್ಯಾರಂಟಿ ಇಲ್ಲ.
ಸುಳ್ಳು ಹೇಳಲ್ಲ, ಮೈನಿಂಗ್‌ನಲ್ಲಿದ್ದ ಕಾರ್ಡು.
ಎರಡು ವರ್ಷ."

ನಮ್ಮ ಕಡೆ ಆ ಮಾತು ಹೇಳಿ
ಯಾರೂ ಏನನ್ನೂ ಮಾರುವುದಿಲ್ಲ.

ಚಾಂಪಿಯನ್ ರೀಫ್‌ನ ಲೈನ್ ಮನೆಯಲ್ಲಿ
ಅರ್ಪುದಂ ಮಾಮ ಅದನ್ನು ಬಲ್ಬಿಗೆ ಹಿಡಿದು ನೋಡಿದ.
"ಯಾವ ಮೈನು?"
ಇದು ಬೇರೆ ಮಾಮ. ನೆಲ ಅಗೆಯಲ್ಲ, ಲೆಕ್ಕ ಅಗೆಯುತ್ತೆ.
ಒಂದು ಕೋಣೆಯಲ್ಲಿ ನೂರಾರು ಕಾರ್ಡು ಸಾಲಾಗಿ ನೇತುಹಾಕಿ,
ಪರದೆಯ ತಂತಿ ಕೂಡ ಕೊಡದೆ,
ಲೆಕ್ಕದ ಮೇಲೆ ಲೆಕ್ಕ.
"ಏನು ಸಿಗುತ್ತೆ?"
ಒಂಥರಾ ದುಡ್ಡು.
"ಇದಕ್ಕೆ?"
ಸೆಕೆ.
"ಶಿಫ್ಟು?"
ಶಿಫ್ಟಿಲ್ಲ ಮಾಮ. ಹಗಲೂ ರಾತ್ರಿ.

ರೆಕ್ಕೆಗಳ ಸಂದಿಗೆ ಊದಲು ಹೋದ.
ಅರ್ಧ ಉಸಿರಿಗೇ ಕೆಮ್ಮು ಹಿಡಿಯಿತು.
ನಾನು ಹೊಲಿಗೆ ಮಷಿನ್ನಿನ ಬ್ರಷ್ಷು ತಂದೆ.

ತಿರುಪು ಬಿಚ್ಚಿ, ಸುಣ್ಣದ ಹಾಗೆ ಒಣಗಿದ್ದ ಪೇಸ್ಟು ಕೆರೆದೆ,
ಕಡಲೆಕಾಳಿನಷ್ಟು ಹೊಸದು ಹಚ್ಚಿದೆ,
ಫ್ಯಾನಿನ ನಡುವಿಗೆ ಮಷಿನ್ ಎಣ್ಣೆ, ಒಂದೇ ಹನಿ.
ಸ್ವಿಚ್ಚು ಹಾಕಿದಾಗ ಮಾಮ ಕಿವಿ ಹತ್ತಿರ ತಂದ,
ಒಳಗೆ ಬಂಡೆ ಮಾತಾಡುವುದನ್ನು ಕೇಳಿಸಿಕೊಳ್ಳುತ್ತಿದ್ದನಂತಲ್ಲ, ಹಾಗೆ.
"ಎಡಗಡೆಯದು ನೋಯ್ತಿದೆ."
ಎಂಬತ್ತನಾಲ್ಕು ಡಿಗ್ರಿ.

ವೋಲ್ಟು ಇಳಿಸಿದೆ. ಒಂದು ಗೆರೆ,
ತಡೆದು, ಇನ್ನೊಂದು ಗೆರೆ.
ಓಟಕ್ಕೆ ಮಿತಿ ಕಟ್ಟಿದೆ.
"ಏನು ಮಾಡ್ತಿದ್ದೀಯ?"
"ಕೆಲಸ ಕಮ್ಮಿ ಮಾಡ್ತಿದ್ದೀನಿ."
"ಓ," ಅಂದ. "ಸರ್ಫೇಸ್ ಡ್ಯೂಟಿ."

ಎಕ್ಸ್‌ರೇ ನೋಡಿ ಅವನಿಗೆ ಕೊಟ್ಟದ್ದು ಅದನ್ನೇ:
ಕೊನೆಯ ಆರು ವರ್ಷ ಲ್ಯಾಂಪ್ ರೂಮಿನ ಕಿಟಕಿಯಲ್ಲಿ ನಿಂತು
ಇಳಿಯುವವರಿಗೆ ದೀಪ ಎಣಿಸಿ ಕೊಡುವುದು,
ಹತ್ತಿ ಬಂದವರಿಂದ ಎಣಿಸಿ ವಾಪಸು ತೆಗೆದುಕೊಳ್ಳುವುದು.
ಲೆಕ್ಕ ತಾಳೆಯಾಗದ ದಿನದ ಬಗ್ಗೆ
ಅವನು ಯಾವತ್ತೂ ಹೇಳಿಲ್ಲ.

ಅರವತ್ತೊಂಬತ್ತಕ್ಕೆ ಬಂದು ನಿಂತಿತು.
ಕುದುರೆ ಓಡಿತು, ಮೈ ಕಾಲು ಒಟ್ಟಿಗೆ.
ಗುಡ್ಡದ ತುಂಬ ಹುಲ್ಲು,
ಎಸಳೆಸಳಾಗಿ ಗಾಳಿಗೆ ಬಾಗುವ ಹುಲ್ಲು.
ಎರಡು ವರ್ಷ ಇದು ಒಂದು ಚಿತ್ರವನ್ನೂ ಬಿಡಿಸಿರಲಿಲ್ಲ.

ಮಾಮ ಸ್ಟೂಲು ಎಳೆದುಕೊಂಡ.
"ಕುದುರೆ ನಿಲ್ಲಿಸು, ಸ್ವಲ್ಪ ಹೊತ್ತು."
ನಿಲ್ಲಿಸಿದೆ.

ಬೆಳಿಗ್ಗೆ ಎಂಟಕ್ಕೆ ಟೀಚರ ಬ್ಲೌಸು ಕೊಡಬೇಕು,
ಕಾಜಾ ಇನ್ನೂ ಆಗಿಲ್ಲ.